ಮಾದೇವಿಯ ಫೋಲ್ಡರ್

ನಮ್ಮ ಮನೆಯಲ್ಲಿ ಏನೂ ಕಳೆಯುತ್ತಿರಲಿಲ್ಲ. ಬೇರೆಯವರ ಮನೆಗಳಲ್ಲಿ ಸೂಜಿ ಕಳೆಯುತ್ತದೆ, ರೇಷನ್ ಕಾರ್ಡು ಕಳೆಯುತ್ತದೆ, ಮಗುವಿನ ಜನನ ಪತ್ರ ಬೇಕಾದ ದಿನವೇ ನಾಪತ್ತೆಯಾಗುತ್ತದೆ. ನಮಗೆ ಆ ಭಾಗ್ಯ ಇರಲಿಲ್ಲ. ಅಪ್ಪ ಕಾಲುವೆ ಆಫೀಸಿನ ದಫ್ತರ ಕೋಣೆಯಲ್ಲಿ ಗುಮಾಸ್ತ. ಹಳೆಯ ಕಡತಗಳಿಗೆ ಕೆಂಪು ಬಟ್ಟೆ ಸುತ್ತಿ, ಚೀಟಿ ಕಟ್ಟಿ, ಕಪಾಟಿಗೆ ಏರಿಸುವುದು ಹಗಲೆಲ್ಲ ಅವನ ಕೆಲಸ. ಸಂಜೆ ಮನೆಗೆ ಬಂದ ಮೇಲೆ ಅದನ್ನೇ ನಮ್ಮ ಮೇಲೆ ಪ್ರಯೋಗಿಸುತ್ತಿದ್ದ. ಶಹಾಪುರ ದಾಟಿ ಸುರಪುರದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ, ಕಾಲುವೆ ತೋಡುವ ಕಾಲಕ್ಕೆ ಕಟ್ಟಿದ ಕ್ಯಾಂಪಿನಲ್ಲಿ, ಕಟ್ಟಕಡೆಯ ಕ್ವಾರ್ಟರ್ಸು ನಮ್ಮದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಬಚ್ಚಲಿನ ಹಿಂದೆ ಕಾಲುವೆಯ ಏರಿ. ಇಷ್ಟು ಪುಟ್ಟ ಮನೆಯಲ್ಲಿ ವಸ್ತುಗಳು ಕಳೆಯುವುದಕ್ಕೆ ಜಾಗವಾದರೂ ಎಲ್ಲಿತ್ತು ಎಂದು ನೀವು ಕೇಳಬಹುದು. ಅಪ್ಪ ಅದನ್ನು ಒಪ್ಪುತ್ತಿರಲಿಲ್ಲ. ಪುಟ್ಟ ಜಾಗದಲ್ಲೇ ವಸ್ತು ಒಂದರ ಕೆಳಗೊಂದು ಸೇರಿ ಸಾಯುತ್ತವೆ ಎನ್ನುತ್ತಿದ್ದ. ಅಡುಗೆಮನೆಯ ಡಬ್ಬಿಗಳಿಗೂ ಚೀಟಿ ಅಂಟಿಸಿದ್ದ. ಅವ್ವ ತೊಗರಿ ಡಬ್ಬಿಯಲ್ಲಿ ಕಡಲೆ ಹಾಕಿಟ್ಟ ದಿನ ಮನೆಯಲ್ಲಿ ಸಣ್ಣ ವಿಚಾರಣೆಯೇ ನಡೆಯುತ್ತಿತ್ತು.

ಕಾಗದಗಳಿಗೆ ಅವನು ಮಾಡಿದ್ದ ಕಾನೂನು ಬೇರೆ. ಆಫೀಸಿನಲ್ಲಿ ಕಡತಗಳಿಗೆ ದರ್ಜೆ ಇರುತ್ತದಂತೆ. ಕೆಲವನ್ನು ಎಂದಿಗೂ ಬಿಸಾಡುವಂತಿಲ್ಲ, ಕೆಲವನ್ನು ಇಷ್ಟು ವರ್ಷ ಇಟ್ಟು ತೆಗೆಯಬೇಕು. ಮನೆಗೆ ನಾಲ್ಕು ದರ್ಜೆ ಸಾಕು ಎಂದು ಅಪ್ಪ ತೀರ್ಮಾನಿಸಿದ್ದ. ಎ ಅಂದರೆ ಮನೆ ಇರುವ ತನಕ. ಬಿ ಅಂದರೆ ನಾನು ದೊಡ್ಡವಳಾಗುವ ತನಕ. ಸಿ ಅಂದರೆ ಮೂರು ವರ್ಷ. ಡಿ ಅಂದರೆ ಬರುವ ಯುಗಾದಿ. ನಾನು ಬಿಡಿಸಿದ ನವಿಲಿನ ಚಿತ್ರಗಳು ಸಿ ದರ್ಜೆಯವು. ಬಂದ ಮದುವೆ ಕಾರ್ಡುಗಳು ಡಿ. ಯುಗಾದಿಗೆ ಒಂದು ವಾರ ಮೊದಲು ಅಟ್ಟದ ಮೇಲಿನ ಕೆಂಪು ಗಂಟುಗಳನ್ನೆಲ್ಲ ಕೆಳಗಿಳಿಸಿ 'ದಫ್ತರ ಸಫಾಯಿ' ಮಾಡುವುದು ನಮ್ಮ ಮನೆಯ ಹಬ್ಬ. ಬೇವು ಬೆಲ್ಲಕ್ಕಿಂತ ಅಪ್ಪನಿಗೆ ಅದೇ ಮುಖ್ಯವಾಗಿತ್ತು. ಒಂದೊಂದೇ ಕಾಗದ ಎತ್ತಿ ಜೋರಾಗಿ ಓದಿ, ಅದು ಯಾರದೋ ಅವರನ್ನು ಕೇಳಿ, ಇಡುವುದಾದರೆ ಗಂಟಿಗೆ, ಬೇಡವಾದರೆ ಬಿದಿರು ಬುಟ್ಟಿಗೆ. ಬುಟ್ಟಿಯಲ್ಲಿದ್ದದ್ದನ್ನು ಆ ದಿನವೇ ಸುಡುವಂತಿರಲಿಲ್ಲ. ಒಂದು ತಿಂಗಳು ಮಂಚದ ಕೆಳಗೆ ಇರಬೇಕು, ಮನಸ್ಸು ಬದಲಾದರೆ ತೆಗೆದುಕೊಳ್ಳಬೇಕು, ಆಮೇಲೆ ಬಚ್ಚಲ ಒಲೆಗೆ. ಅವ್ವನಿಗೆ ಇದೆಲ್ಲ ನಗೆ.

"ನನಗ ಯಾವ ದರ್ಜೆ ಹಚ್ಚೀರಿ?"

"ಎ," ಎಂದಿದ್ದ ಅಪ್ಪ, ತಲೆ ಎತ್ತದೆ, ಚೀಟಿ ಬರೆಯುತ್ತಲೇ. ಅವ್ವ ಮುಸುರೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಆ ದಿನ ಅವಳು ಮತ್ತೆ ತಕರಾರು ಮಾಡಲಿಲ್ಲ.

ಇಷ್ಟೆಲ್ಲ ಕಾಪಾಡಿಕೊಂಡ ಮನೆಗೆ ಬಂದು ನೋಡುವವರು ಯಾರೂ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನಾವು ಯಾವ ಜನ ಎಂಬುದು ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮಜ್ಜ ದೇವಾಪುರದಲ್ಲಿ ಮಂದಿಯ ಹೊಲದಲ್ಲಿ ದುಡಿದು ಸತ್ತವನು. ಅಪ್ಪ ಓದಿ ನೌಕರಿ ಹಿಡಿದ. ನಮ್ಮ ಪಡಸಾಲೆಯ ಗೋಡೆಗೆ ಬುದ್ಧನ ಪಟ ಇತ್ತು, ಅದನ್ನು ಬೀದಿಯಿಂದಲೇ ಕಾಣುವ ಹಾಗೆ ಅಪ್ಪ ಬೇಕೆಂದೇ ಬಾಗಿಲಿಗೆ ಎದುರಾಗಿ ಹಾಕಿದ್ದ. ಕ್ಯಾಂಪಿನವರು ಕೆಟ್ಟವರಲ್ಲ. ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದರು, ನೀರು ಬಿಡುವ ದಿನ ಕೇಳಲು ಬರುತ್ತಿದ್ದರು, "ಗುಮಾಸ್ತರೇ" ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಆದರೆ ಹೊಸ್ತಿಲಿನ ಆಚೆಗೇ ನಿಲ್ಲುತ್ತಿದ್ದರು. ಅಪ್ಪ ಅದಕ್ಕೆಂದೇ ಕಟ್ಟೆಯ ಮೇಲೆ ಎರಡು ಕುರ್ಚಿ ಹಾಕಿಟ್ಟಿದ್ದ, ಅವರಿಗೂ ಮುಜುಗರ ಬೇಡ, ತನಗೂ ಬೇಡ ಎಂದು. ಯಾರಾದರೂ ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಯಾರೂ ಬೈಯಲಿಲ್ಲ. ನಾನು ಒಬ್ಬಳೇ ಮಗಳು. ಅವ್ವ ಆರೋಗ್ಯ ಕೇಂದ್ರದಲ್ಲಿ ಕಸ ಗುಡಿಸುವ ಕೆಲಸಕ್ಕೆ ಹೋಗಿ ಮೂರು ಗಂಟೆಯ ಮೇಲೆ ಬರುತ್ತಿದ್ದಳು. ಶಾಲೆ ಬೆಳಗಿನದು. ಮಧ್ಯಾಹ್ನವೆಲ್ಲ ನಾನು ಕೆಂಪು ಗಂಟುಗಳನ್ನು ಸಾಲಾಗಿ ಕೂರಿಸಿ ಅವಕ್ಕೆ ಪಾಠ ಹೇಳುತ್ತಿದ್ದೆ. ಹಿಂದೆ ಕಾಲುವೆ ತುಂಬಿ ಹರಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ನೀರು ನಿಲ್ಲಿಸಿದ ತಿಂಗಳುಗಳಲ್ಲಿ ಅದೂ ಇರುತ್ತಿರಲಿಲ್ಲ, ಆಗ ನನಗೆ ತುಂಬಾ ಹೆದರಿಕೆಯಾಗುತ್ತಿತ್ತು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಆಫೀಸಿಗೆ ಕಂಪ್ಯೂಟರ್ ಬಂತು. ಗುಮಾಸ್ತರೆಲ್ಲ ಕಲಿಯಲೇಬೇಕೆಂದು ಆದೇಶವೂ ಬಂತು. ಅಪ್ಪ ಮೊದಲ ಸಲ ಬೆದರಿದ್ದನ್ನು ನಾನು ಆಗ ನೋಡಿದೆ. ಕೈಯಲ್ಲಿ ಹಿಡಿಯಲಾಗದ, ಬಟ್ಟೆ ಸುತ್ತಲಾಗದ ಕಡತವನ್ನು ಎಲ್ಲಿ ಇಡುವುದು, ಮತ್ತೆ ಎಲ್ಲಿಂದ ತೆಗೆಯುವುದು ಎಂಬುದೇ ಅವನಿಗೆ ಅರ್ಥವಾಗಲಿಲ್ಲ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಹಾಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದ. "ಮಗಳಿಗಿ ಕಲಸಾಕ ಬಂದೀನ್ರಿ," ಎಂದ ಅಲ್ಲಿಯ ಮೇಷ್ಟ್ರಿಗೆ. ಪ್ರತಿ ರವಿವಾರ ನಾನು ಕುರ್ಚಿಯ ಮೇಲೆ ಕೂತು ಕಲಿಯುವುದು, ಅಪ್ಪ ಹಿಂದೆ ನಿಂತು ಏನೂ ಗೊತ್ತಿಲ್ಲದವನ ಹಾಗೆ ನೋಡಿ, ಮುಂಗೈ ಮೇಲಿಟ್ಟ ಪುಸ್ತಕದಲ್ಲಿ ಕದ್ದು ಬರೆದುಕೊಳ್ಳುವುದು. ಕೆಲವು ತಿಂಗಳಾದ ಮೇಲೆ ಕೇಂದ್ರದವರು ಹೊಸ ಯಂತ್ರಗಳನ್ನು ತರಿಸಿ ಹಳೆಯವನ್ನು ತೆಗೆಯುವಾಗ, ಒಂದನ್ನು ಅಪ್ಪ ಮನೆಗೆ ತಂದುಬಿಟ್ಟ. ಟಂಟಂ ಗಾಡಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಾಣಂತಿಯನ್ನು ಕರೆದುಕೊಂಡು ಬರುವಷ್ಟು ನಿಧಾನವಾಗಿ ಬಂದ.

ಒಳಕೋಣೆಯಲ್ಲಿ, ಕಿಟಕಿಯ ಬದಿಗೆ, ಹೊಲಿಗೆಯಂತ್ರದ ಮೇಜು ಖಾಲಿ ಮಾಡಿ ಅದನ್ನು ಇಟ್ಟೆವು. ಧೂಳಿಗೆಂದು ಅವ್ವ ತನ್ನ ಹಳೆಯ ಇಳಕಲ್ ಸೀರೆ ಹೊದಿಸಿದಳು. ಕರೆಂಟು ಮಧ್ಯಾಹ್ನ ಎರಡರಿಂದ ಐದರ ತನಕ ಬರುತ್ತಿತ್ತು, ಅದೂ ಅದರ ಮರ್ಜಿ. ಅಪ್ಪ ರಜೆಯ ದಿನಗಳಲ್ಲಿ ನನ್ನ ಶಿಷ್ಯನಾದ. ಮೌಸನ್ನು ಮೇಜಿನ ಮೇಲೆ ಉಜ್ಜುತ್ತ ಹೋಗಿ, ಅಂಚು ಮುಟ್ಟಿದ ಮೇಲೆ ಮುಂದೆಲ್ಲಿ ಹೋಗಬೇಕು ಎಂದು ನನ್ನ ಮುಖ ನೋಡುತ್ತಿದ್ದ. ಎತ್ತಿ ಹಿಂದಕ್ಕಿಟ್ಟುಕೊ ಎಂದರೆ, ಎತ್ತಿದರೆ ಬರೆದದ್ದು ಹೋಗುವುದಿಲ್ಲವೇ ಎನ್ನುತ್ತಿದ್ದ. ಎರಡು ಸಲ ಬೇಗ ಒತ್ತು ಎಂದರೆ ಒಂದು ಸಲ ಒತ್ತಿ, ಉಸಿರು ಬಿಟ್ಟು, ಇನ್ನೊಂದು ಸಲ ಒತ್ತುತ್ತಿದ್ದ. ಒಮ್ಮೆ ಎರಡು ತಾಸು ಕೂತು ಟೈಪು ಮಾಡಿದ ಅರ್ಜಿ, ಉಳಿಸುವ ಮೊದಲೇ ಕರೆಂಟು ಹೋಗಿ, ಪೂರ್ತಿ ಹೋಯಿತು.

"ಎಲ್ಲಿ ಹೋತು?"

"ಎಲ್ಲಿಗೂ ಇಲ್ಲ ಅಪ್ಪ. ನೀ ಸೇವ್ ಮಾಡಿಲ್ಲ. ಇಟ್ಟೇ ಇಲ್ಲ ಅಂದ್ರ ಇರೂದು ಹೆಂಗ?"

"ಕಣ್ಣಿಗಿ ಕಂಡಿತ್ತಲ್ಲ!"

"ಕಂಡಿದ್ದೆಲ್ಲ ಇಟ್ಟಂಗ ಅಲ್ಲ."

ಇಷ್ಟು ವರ್ಷ ಅವನು ನಮಗೆ ಹೇಳುತ್ತಿದ್ದ ಮಾತು ಅದು. ಅಪ್ಪ ಸಿಟ್ಟು ಮಾಡಿಕೊಂಡು ಕಾಲುವೆ ಏರಿಯ ಮೇಲೆ ಹೋಗಿ ನಿಂತ. ಆದರೆ ಫೋಲ್ಡರ್ ಎಂಬುದನ್ನು ತೋರಿಸಿದ ದಿನ ಅವನಿಗೆ ಆದ ಸಂತೋಷ ಹೇಳತೀರದು. ಒಂದು ಗಂಟಿನೊಳಗೆ ಇನ್ನೊಂದು ಗಂಟು, ಅದರೊಳಗೆ ಮತ್ತೊಂದು, ಅಟ್ಟದ ಮೇಲೆ ಜಾಗವೇ ಹಿಡಿಯದೆ! ಅವತ್ತೇ ಕೂತು ಎ, ಬಿ, ಸಿ, ಡಿ ಎಂದು ನಾಲ್ಕು ಫೋಲ್ಡರ್ ಮಾಡಿಸಿದ. ಹೊಸ ಫೈಲಿಗೆ ಕಂಪ್ಯೂಟರ್ ತಾನೇ ಕೊಡುವ ಹೆಸರನ್ನು ಎಂದಿಗೂ ಬಿಡಕೂಡದು, ಹೊರಗಿನ ಹೆಸರು ನೋಡಿದರೆ ಒಳಗೇನಿದೆ ತಿಳಿಯಬೇಕು ಎಂದು ನನಗೇ ತಿರುಗಿ ಪಾಠ ಹೇಳಿದ. ಈಗ ನಾನು ಯಾದಗಿರಿಯಲ್ಲಿ ಹೊಸಬರಿಗೆ ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಮೊದಲ ದಿನದ ಪಾಠ ಪೂರ್ತಿ ಅಪ್ಪನದೇ.

ಕಂಪ್ಯೂಟರ್ ಬಂದ ಸುದ್ದಿ ಶಾಲೆಗೆ ಮುಟ್ಟಿತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಮಾದೇವಿ ನಿಂತಿದ್ದಳು. ನನ್ನ ತರಗತಿಯವಳು, ಅವಳಪ್ಪನದು ಕ್ಯಾಂಪಿನ ತಿರುವಿನಲ್ಲಿ ಗೊಬ್ಬರ, ಬೀಜದ ಅಂಗಡಿ, ಹಣೆಗೆ ದಪ್ಪ ವಿಭೂತಿ ಹಚ್ಚಿ ಕೂರುವ ದೊಡ್ಡ ಮನುಷ್ಯ. ಅವಳೊಂದಿಗೆ ನಾನು ಅಷ್ಟು ದಿನ ಹತ್ತು ಮಾತೂ ಆಡಿರಲಿಲ್ಲ. ನಾನು ರೂಢಿಯಂತೆ ಕಟ್ಟೆಯ ಕುರ್ಚಿ ತೋರಿಸಿದೆ.

"ಅದು ಕಟ್ಟಿ ಮ್ಯಾಲ ಅದ ಏನು, ಕಂಪ್ಯೂಟರು?" ಎಂದಳು. ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದಳು.

ಹೊಸ್ತಿಲು ದಾಟಿದ ಮೊದಲ ಕಾಲು ಅವಳದು. ಸಪೂರ ಕಾಲು, ಗೆಜ್ಜೆಯಿಲ್ಲ, ಹಿಮ್ಮಡಿಯಲ್ಲಿ ಕರಿ ಮಣ್ಣು. ಆ ಮಣ್ಣಿನ ಗುರುತನ್ನು ಅವಳು ಹೋದ ಮೇಲೂ ನಾನು ಒರೆಸಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಒಂಟಿಯಾಗಿದ್ದೆ ನಾನು.

ಅವಳು ಬೇಗ ಕಲಿತಳು. ವಾರದಲ್ಲಿ ಮೌಸು ಅವಳ ಮಾತು ಕೇಳಿತು, ತಿಂಗಳಲ್ಲಿ ಕನ್ನಡ ಅಕ್ಷರಗಳು ಎಲ್ಲೆಲ್ಲಿವೆ ಎಂದು ಬಾಯಿಪಾಠವಾಯಿತು. ತನ್ನದೇ ಒಂದು ಫೋಲ್ಡರ್ ಬೇಕು ಎಂದಳು. ಮಾಡಿ, ಅವಳ ಹೆಸರನ್ನೇ ಇಟ್ಟುಕೊಟ್ಟೆ. ಯಾವ ದರ್ಜೆಗೆ ಹಾಕಲಿ ಎಂದು ಕೇಳಿದರೆ ಯಾವುದರೊಳಗೂ ಬೇಡ, ಹೊರಗೇ ಇರಲಿ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಇದನ್ನ ಯಾರರ ತೆರದು ನೋಡತಾರೇನು?"

"ನಮ್ಮಪ್ಪ ಮಂದೀದು ಮುಟ್ಟಂಗಿಲ್ಲ."

"ನೀ?"

"ನಾ ಯಾಕ ನೋಡ್ಲಿ?"

"ಹಂಗಲ್ಲ. ಆಣಿ ಮಾಡು. ಅಲ್ಲಿ ಅದಾನಲ್ಲ, ನಿಮ್ಮ ದೇವರು, ಅವನ ಮ್ಯಾಲ."

ಬುದ್ಧ ದೇವರಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ. ಆದರೂ ಪಟದ ಕಡೆ ಕೈ ಮಾಡಿ ಆಣೆ ಮಾಡಿದೆ. ಆಗ ಅವಳು ಹೇಳಿದಳು. ಅವಳ ಅವ್ವ ತೀರಿಹೋದಾಗ ಅವಳಿಗೆ ಆರು ವರ್ಷ. ಮನೆಗೆ ಚಿಗವ್ವ ಬಂದ ಮೇಲೆ ಸತ್ತವಳ ಮಾತು ಯಾರೂ ಎತ್ತುವಂತಿಲ್ಲ. ಫೋಟೋ ಸಹ ಪೆಟ್ಟಿಗೆ ಸೇರಿದೆ. ನೋಟುಬುಕ್ಕಿನಲ್ಲಿ ಬರೆದಿದ್ದನ್ನು ಒಮ್ಮೆ ಚಿಗವ್ವ ಓದಿ, ಒಂದು ವಾರ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ.

"ದಿನಾ ಜರಾ ಜರಾ ಮರಿಯಾಕತ್ತೇನಿ ಸುಜಾತಾ. ಹೋದ ವರ್ಷ ಗೊತ್ತಿದ್ದದ್ದು ಈ ವರ್ಷ ಗೊತ್ತಿಲ್ಲ. ಅಕಿ ಹೆಂಗ ನಗತಿದ್ದಳು, ಬಯ್ಯುವಾಗ ಏನಂತಿದ್ದಳು, ಅಂಥವು ದಿನಕ್ಕೊಂದು ಬರದು ಇಡತೀನಿ. ಇಲ್ಲಿ ಆದ್ರ ಯಾರ ಕೈಗೂ ಸಿಗಂಗಿಲ್ಲ."

ಅಂದಿನಿಂದ ಅವಳು ದಿನವೂ ಬರುತ್ತಿದ್ದಳು. ಅವಳು ಬರೆಯುವಾಗ ನಾನು ಅವಳ ಕಡೆ ಬೆನ್ನು ಮಾಡಿ, ಕಿಟಕಿಯಲ್ಲಿ ಕಾಲುವೆ ನೋಡುತ್ತ ಕೂರುವುದು. ಒಂದೇ ಬೆರಳಿನಲ್ಲಿ ಟಕ್ ಟಕ್ ಎಂದು ಒತ್ತುವ ಸದ್ದು. ಕೆಲವು ದಿನ ಸದ್ದು ಬೇಗ ಬೇಗ ಬರುತ್ತಿತ್ತು, ನಡುವೆ ಅವಳು ಒಬ್ಬಳೇ ನಗುತ್ತಿದ್ದಳು. ಕೆಲವು ದಿನ ಎಷ್ಟೋ ಹೊತ್ತು ಸದ್ದೇ ಇರುತ್ತಿರಲಿಲ್ಲ. "ಇವತ್ತ ಒಂದೂ ನೆನಪಾಗವಲ್ದು," ಎಂದು ಎದ್ದು ನನ್ನ ಪಕ್ಕ ಬಂದು ಕೂರುತ್ತಿದ್ದಳು. ಇಬ್ಬರೂ ನೀರು ನೋಡುತ್ತಿದ್ದೆವು. ಅವಳಿಗೆ ಅವ್ವ ಇರಲಿಲ್ಲ, ನನಗೆ ಗೆಳತಿ ಇರಲಿಲ್ಲ. ಅವಳದು ದೊಡ್ಡದೋ ನನ್ನದು ದೊಡ್ಡದೋ ಎಂದು ನಾನು ಆಗ ತೂಗುತ್ತಿದ್ದೆ. ನನ್ನ ಕೊರತೆ ತೀರಿದೆ, ಅವಳದು ತೀರಿಲ್ಲ ಎಂಬುದು ತಲೆಗೆ ಹೊಳೆಯುತ್ತಿರಲಿಲ್ಲ. ದಸರೆಯಿಂದ ಸಂಕ್ರಮಣದ ಆಚೆಗೂ ಹೀಗೇ ನಡೆಯಿತು, ನನ್ನ ಬಾಲ್ಯದಲ್ಲಿ ಒಳ್ಳೆಯ ಕಾಲ ಎಂದರೆ ಅಷ್ಟೇ.

ಕೆಟ್ಟದ್ದು ಒಂದು ರೊಟ್ಟಿಯಿಂದ. ಅವತ್ತು ಅವ್ವ ಬೇಗ ಬಂದಿದ್ದಳು, ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯ ಕುದಿಯುತ್ತಿತ್ತು. ಮಾದೇವಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನನಗ ಹಸಿವ್ಯಾಗ್ಯಾದ್ರಿ," ಎಂದಳು. ಅವ್ವ ಬಡಿಯುವುದನ್ನು ನಿಲ್ಲಿಸಿದಳು. ಹಸಿದು ಬಂದವರಿಗೆ ಎರಡನೆಯ ಮಾತಿಲ್ಲದೆ ತಾಟು ಇಡುವ ಹೆಂಗಸು, ಆ ಹುಡುಗಿಯ ಮುಖವನ್ನೇ ನೋಡುತ್ತ ಕೂತಳು.

"ಮನಿಗಿ ಹೋಗಿ ಉಣ್ಣು ತಾಯಿ. ಇಲ್ಲಿ ಉಂಡ್ರ ನಿನಗ ತ್ರಾಸ ಆಗತದ."

"ಏನ್ ಆಗಂಗಿಲ್ರಿ. ಬಿಸಿ ರೊಟ್ಟಿ ಕೊಡ್ರಿ."

ಅವ್ವ ಕೊಟ್ಟಳು. ಮಾದೇವಿ ಮೂರು ರೊಟ್ಟಿ ಉಂಡಳು, ಶೇಂಗಾ ಹಿಂಡಿಯನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ಅವ್ವ ಅವಳಿಗೆ ಕಾಣದ ಹಾಗೆ ಅತ್ತ ತಿರುಗಿ ಕಣ್ಣೊರೆಸಿಕೊಂಡಳು, ಹೊಗೆ ಎಂದಳು. ಸುಳ್ಳು ಹೇಳುವುದು ಮಾದೇವಿಗೆ ಬರುತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಯಾಕೆ ಉಣ್ಣುತ್ತಿಲ್ಲ ಎಂದು ಚಿಗವ್ವ ಕೇಳಿದ್ದಕ್ಕೆ, ನಮ್ಮ ಮನೆಯ ಪುಂಡಿಪಲ್ಯ ಎಷ್ಟು ಚಲೋ ಇತ್ತು ಎಂದು ಹೇಳಿಯೇಬಿಟ್ಟಿದ್ದಳು. ಮರುದಿನ ಅವಳಪ್ಪ ನಮ್ಮ ಕಟ್ಟೆಯ ತನಕ ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

"ಗುಮಾಸ್ತರೇ, ನಿಮ್ಮ ಮ್ಯಾಲ ನಮಗ ಸಿಟ್ಟಿಲ್ರಿ. ಹುಡುಗಿ ನಮ್ದು. ಇನ್ನ ಮ್ಯಾಲ ಬರಂಗಿಲ್ಲ."

"ಹೌದ್ರಿ," ಎಂದ ಅಪ್ಪ.

ಅಷ್ಟೇ. ಅಪ್ಪ ಇನ್ನೇನಾದರೂ ಹೇಳುತ್ತಾನೆ ಎಂದು ನಾನು ಬಾಗಿಲ ಹಿಂದೆ ಕಾದೆ. ಅವನು ಒಳಗೆ ಬಂದು ಚೀಟಿ ಕತ್ತರಿಸುತ್ತ ಕೂತ. ಶಾಲೆಯಲ್ಲಿ ಮಾದೇವಿಯನ್ನು ಮುಂದಿನ ಬೆಂಚಿಗೆ ಕೂರಿಸಿದರು. ಅವಳು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಮನೆಯಲ್ಲಿ ಅವಳಿಗೆ ಎಷ್ಟು ಏಟು ಬಿದ್ದಿದ್ದವು, ತಿರುಗಿ ನೋಡಿದರೆ ಇನ್ನೆಷ್ಟು ಬೀಳಲಿದ್ದವು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಕಂಡದ್ದು ಅವಳ ಜಡೆ ಮಾತ್ರ. ಮಧ್ಯಾಹ್ನ ಕರೆಂಟು ಬಂದ ಕೂಡಲೇ ಸೀರೆ ತೆಗೆದು ಯಂತ್ರ ಚಾಲೂ ಮಾಡಿ, ಅವಳ ಕುರ್ಚಿ ಖಾಲಿ ಬಿಟ್ಟು, ಕಿಟಕಿಯ ಹತ್ತಿರ ಕೂರುತ್ತಿದ್ದೆ. ಕರೆಂಟು ಹೋಗುವ ತನಕ. ಒಂಟಿತನ ನನಗೆ ಹೊಸದಲ್ಲ, ಆದರೆ ಮೊದಲಿನದು ಯಾರಿಲ್ಲದ್ದಕ್ಕೆ ಎಂದು ಗೊತ್ತಿಲ್ಲದ್ದು. ಇದಕ್ಕೆ ಒಬ್ಬರ ಹೆಸರಿತ್ತು. ಒಂದು ತಿಂಗಳಲ್ಲಿ ನನ್ನ ದುಃಖ ಪೂರ್ತಿ ಸಿಟ್ಟಾಯಿತು. ರೊಟ್ಟಿ ತಾನೇ ಕೇಳಿ ಉಂಡವಳು, ತಾನೇ ಹೋಗಿ ಹೇಳಿದವಳು, ಈಗ ಮುಖ ತಿರುಗಿಸಿದವಳು ಎಂದು ಲೆಕ್ಕ ಮಾಡಿ ಮಾಡಿ ಅದನ್ನು ಸಾಕಿದೆ.

ಯುಗಾದಿ ಬಂತು. ಆ ವರ್ಷ ಅಪ್ಪ ಗಂಟುಗಳ ಸಫಾಯಿ ಮುಗಿಸಿ, ಕಂಪ್ಯೂಟರಿನ ಸಫಾಯಿಗೂ ಕೂತ. ನಾನು ಒತ್ತುವುದು, ಅವನು ಹೆಸರು ಓದಿ ಕೇಳುವುದು. ಎಲ್ಲ ಮುಗಿದು, ದರ್ಜೆ ಇಲ್ಲದೆ ಹೊರಗೆ ಉಳಿದ ಫೋಲ್ಡರ್ ಒಂದೇ.

"ಇದು ಆ ಹುಡುಗೀದಲ್ಲ? ಯಾವ ದರ್ಜೆ?"

"ಡಿ."

"ಯಾರದೋ ಅವರಿಗಿ ಕೇಳ್ದೆ ತೆಗೀಬಾರದು. ಕೇಳೀ ಏನು?"

"ಕೇಳೀನಿ. ಬ್ಯಾಡ ಅಂದಾಳ."

ನಾನು ಅಪ್ಪನಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. "ಹಂಗಾದ್ರ ಬುಟ್ಟಿಗಿ ಹಾಕು. ಒಂದು ತಿಂಗಳು ಇರಲಿ," ಎಂದು ಎದ್ದು ಸ್ನಾನಕ್ಕೆ ಹೋದ. ಕಂಪ್ಯೂಟರಿನಲ್ಲೂ ಅಂಥದೇ ಒಂದು ಬುಟ್ಟಿ ಇತ್ತು. ಅಳಿಸಿದ್ದು ಅದರೊಳಗೆ ಬಿದ್ದಿರುತ್ತದೆ, ಬೇಕೆಂದರೆ ಎತ್ತಿಕೊಳ್ಳಬಹುದು, ಬುಟ್ಟಿಯನ್ನೇ ಖಾಲಿ ಮಾಡಿದರೆ ಮುಗಿಯಿತು. ಫೋಲ್ಡರನ್ನು ಬುಟ್ಟಿಗೆ ಹಾಕಿದೆ. ಬಚ್ಚಲಲ್ಲಿ ಅಪ್ಪ ನೀರು ತೋಡುವ ಸದ್ದು ಕೇಳುತ್ತಿತ್ತು. ಒಂದು ತಿಂಗಳು ಇದ್ದರೆ ನಾನು ತಿರುಗಿ ತೆಗೆದುಕೊಳ್ಳುತ್ತೇನೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಆ ಹೊತ್ತೇ ಖಾಲಿ ಮಾಡಿದೆ. ಖಂಡಿತವೇ ಎಂದು ಯಂತ್ರ ಕೇಳಿತು, ಹೌದು ಎಂದು ಒತ್ತಿದೆ. ಕಾಗದ ಮುದುಡಿದಂಥ ಸದ್ದು ಬಂತು, ಅಷ್ಟೇ. ಮೊದಲು ಸಮಾಧಾನವಾಯಿತು. ಅವಳು ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡಿದೆ ಎನಿಸಿತು. ಅಪ್ಪ ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ನಾನು ಖಾಲಿ ಬುಟ್ಟಿಯನ್ನು ತೆರೆದು ತೆರೆದು ನೋಡುತ್ತಿದ್ದೆ. ಮರುದಿನ ಯಾರಿಗೂ ಹೇಳದೆ ಶಹಾಪುರಕ್ಕೆ ಹೋಗಿ ಕೇಂದ್ರದ ಮೇಷ್ಟ್ರನ್ನು ಕೇಳಿದೆ. ಬುಟ್ಟಿ ಖಾಲಿ ಮಾಡಿದ ಮೇಲೆ ತಾನೇನೂ ಮಾಡಲಾರೆ ಎಂದರು ಅವರು. ಅಂದಿನಿಂದ ಇಂದಿನವರೆಗೆ ನಾನು ಏನನ್ನೂ ಅಳಿಸಿಲ್ಲ. ನನ್ನ ಯಂತ್ರದಲ್ಲಿ ಕಸ ತುಂಬಿ ತುಳುಕುತ್ತದೆ, ಕಲಿಯಲು ಬಂದವರು ನೋಡಿ ನಗುತ್ತಾರೆ.

ಎರಡು ವರ್ಷ ಕಳೆದವು. ಹತ್ತನೆಯ ಫಲಿತಾಂಶ ಬಂದ ವಾರ, ಒಂದು ಮಧ್ಯಾಹ್ನ, ನಾನು ಒಬ್ಬಳೇ ಇದ್ದಾಗ ಮಾದೇವಿ ಬಂದಳು. ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕೊಡದಿಂದ ತಾನೇ ನೀರು ತುಂಬಿಕೊಂಡು ಗಟಗಟ ಕುಡಿದು, ಒಳಕೋಣೆಯಲ್ಲಿ ತನ್ನ ಕುರ್ಚಿಯ ಮೇಲೆ ಕೂತಳು. ನಡುವೆ ಎರಡು ವರ್ಷವೇ ಇಲ್ಲದ ಹಾಗೆ.

"ನಾಳಿ ವನದುರ್ಗಕ್ಕ ಹೊಂಟೀನಿ, ಸೋದರಮಾವನ ಮನಿಗಿ. ಅಲ್ಲೇ ಇದ್ದು ಕಾಲೇಜಿಗಿ ಹೋಗತೀನಿ. ಈಗ ಅಪ್ಪನೂ ಏನ್ ಅನ್ನಂಗಿಲ್ಲ, ಹೋಗ್ಲಿ ಅಂದಾನ."

ಒಂದು ಕಾಗದದ ಪೊಟ್ಟಣ ತೆಗೆದಳು. ಅದರೊಳಗೆ ಹೊಸ ಫ್ಲಾಪಿ.

"ಇದರಾಗ ಹಾಕಿ ಕೊಡು. ಅಲ್ಲಿ ನಮ್ಮವ್ವನ ಅವ್ವ ಅದಾಳ, ಕಣ್ಣ ಕಾಣಂಗಿಲ್ಲ. ಅಕಿಗಿ ಓದಿ ಹೇಳಬೇಕು. ಮಗಳ ಮಾತು ಕೇಳಿ ಹತ್ತು ವರ್ಷ ಆಗ್ಯಾವ ಅಂತಾಳ."

ಕರೆಂಟು ಇಲ್ಲ ಎನ್ನಬಹುದಿತ್ತು. ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಅವಳು ನಾಳೆ ಹೊರಟುಹೋಗುವವಳು, ಸುಳ್ಳು ನಡೆದುಹೋಗುತ್ತಿತ್ತು. ಆದರೆ ಅವಳು ಕೇಳುತ್ತ ಕೇಳುತ್ತ ಸೀರೆ ಸರಿಸಿ, ಸ್ವಿಚ್ಚಿನ ಕಡೆ ಕೈ ಚಾಚಿದ್ದಳು. ನಾನು ಆ ಕೈ ಹಿಡಿದುಕೊಂಡೆ. ನಿಂತುಕೊಂಡೇ ಎಲ್ಲ ಹೇಳಿದೆ. ಜಡೆ, ಸಿಟ್ಟು, ಯುಗಾದಿ, ಅಪ್ಪನಿಗೆ ಹೇಳಿದ ಸುಳ್ಳು, ಬುಟ್ಟಿ. ತಪ್ಪಾತು ಎಂದು ಅಳುತ್ತ ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅಳಲೂ ಇಲ್ಲ.

"ಇನ್ನೊಮ್ಮೆ ಬರಿ ಮಾದೇವಿ. ಈಗ ಕೂಡು. ನಾ ಟೈಪ್ ಮಾಡತೀನಿ, ನೀ ಹೇಳು."

"ಏನ್ ಹೇಳ್ಲಿ? ಬರದು ಇಟ್ಟೀನಲ್ಲ, ಇನ್ನ ಮರತ್ರೂ ನಡೀತದ ಅಂತ ಮರತೀನಿ."

ಆಮೇಲೆ ಅವಳು ಏನೋ ಹೊಳೆದವಳ ಹಾಗೆ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು. ಫ್ಲಾಪಿ ಸುತ್ತಿದ್ದ ಕಾಗದವನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ತಿಕ್ಕಿ ನೆಟ್ಟಗೆ ಮಾಡಿದಳು. ಮೇಜಿನ ಮೇಲಿದ್ದ ಅಪ್ಪನ ಪೆನ್ನು ತೆಗೆದುಕೊಂಡಳು. ಅವಳ ಮುಖದ ಮೇಲೆ ನಿಜವಾಗಿಯೂ ಆಸೆ ಇತ್ತು.

"ಹೋಗ್ಲಿ ಬಿಡು. ನೀ ಓದಿರ್ತಿಯಲ್ಲ. ಎಲ್ಲಾ ಬ್ಯಾಡ, ನೆನಪಿದ್ದಷ್ಟು ಹೇಳು. ನಾ ಬರಕೋತೀನಿ."

ಅವಳಿಗೆ ನಾನು ಮಾಡಿದ ದ್ರೋಹದ ನಡುವೆ ಒಂದೇ ಒಂದು ಮಾತನ್ನು ಉಳಿಸಿಕೊಂಡಿದ್ದೆ. ಬುಟ್ಟಿಗೆ ಹಾಕುವ ಆ ಸಿಟ್ಟಿನ ಹೊತ್ತಿನಲ್ಲೂ ಅದನ್ನು ಮುರಿದಿರಲಿಲ್ಲ, ಆ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

"ಓದಿಲ್ಲ," ಎಂದೆ. "ನೀ ಆಣಿ ಮಾಡಿಸಿದ್ದಿಯಲ್ಲ."

"ಒಂದ್ ಸಲನೂ?"

"ಒಂದ್ ಸಲನೂ ಇಲ್ಲ."

ಅವಳು ನನ್ನ ಮುಖವನ್ನು ಹುಡುಕುವ ಹಾಗೆ ನೋಡಿದಳು. ನಾನು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾದ ಮೇಲೆ ಪೆನ್ನಿನ ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಓದಬೇಕಿತ್ತು ಸುಜಾತಾ," ಎಂದಳು. "ನೀನರ ಓದಬೇಕಿತ್ತು."